1107ರ ಆಚೆ-ಈಚೆ

ಬೀದರ ಜಿಲ್ಲೆಯ ಔರಾದಿನ ನಮ್ಮ ಕಾಕಾನ ಮನೆಯಲ್ಲಿ ರೇಡಿಯೊಕ್ಕೆ ಒಂದು ದಿಕ್ಕಿತ್ತು. ಗೂಡಿನಲ್ಲಿ ಅದನ್ನು ಗೋಡೆಗೆ ಸಮನಾಗಿ ಇಟ್ಟರೆ ಕಲಬುರಗಿ ಕೇಂದ್ರ ಸಣ್ಣಗೆ ಕೇಳುತ್ತಿತ್ತು, ಸ್ವಲ್ಪ ಓರೆ ಮಾಡಿದರೆ ವಾರ್ತೆ ಓದುವವರ ದನಿ ಕೋಣೆ ತುಂಬುತ್ತಿತ್ತು. "ತಮ್ಮಾ, ಜರಾ ಆ ಕಡಿ ಹೊಳ್ಸು, ಆವಾಜ್ ಕಡಿಮಿ ಬರ್ಲತ್ತದ" ಎಂದು ಕಾಕಾ ಹೊರಸಿನ ಮೇಲಿಂದಲೇ ಹೇಳುತ್ತಿದ್ದರು. ತೊಗಲಿನ ಚೀಲ ತೊಟ್ಟ ಆ ರೇಡಿಯೊವನ್ನು ಹೊಳ್ಳಿಸುವುದು ನನ್ನ ಕೆಲಸ. ಪೆಟ್ಟಿಗೆಯೊಳಗೆ ಫೆರೈಟ್ ಎಂಬ ಕಪ್ಪು ಕೋಲಿಗೆ ಸುತ್ತಿದ ತಂತಿಯೇ ಆಂಟೆನಾ, ಅದು ಅಡ್ಡಡ್ಡಲಾಗಿ ನಿಂತಾಗ ಅಲೆ ಚೆನ್ನಾಗಿ ಸಿಗುತ್ತದೆ, ಕೇಂದ್ರದ ಕಡೆಗೆ ತುದಿ ತೋರಿಸಿದಾಗ ತಪ್ಪಿಹೋಗುತ್ತದೆ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಹೊತ್ತು ಮುಳುಗಿದ ಮೇಲೆ ರೇಡಿಯೊದ ಮುಳ್ಳಿನ ಓಡಾಟವೇ ಬೇರೆ. ಒಂದು ಕಡೆ ಪರಭಣಿಯಿಂದ ಮರಾಠಿ, ಇನ್ನೊಂದು ಕಡೆ ಹೈದರಾಬಾದಿನಿಂದ ತೆಲುಗು, ಉರ್ದು, ನಡುವೆ ಕಲಬುರಗಿಯ ಕನ್ನಡ. ಒಂದೊಂದು ಸಲ ಎರಡು ಭಾಷೆ ಒಂದರ ಮೇಲೊಂದು ಬಿದ್ದು, ಅವುಗಳ ಮಧ್ಯೆ ಸಿಳ್ಳೆಯಂತಹ ಸದ್ದು. ಔರಾದಿನಿಂದ ಕಲಬುರಗಿಗೆ ನೆಟ್ಟಗೆ ಗೆರೆ ಎಳೆದರೆ ಸುಮಾರು 120 ಕಿಲೋಮೀಟರ್. ಅಷ್ಟು ದೂರದಿಂದ ಬಂದ ದನಿ ಗೂಡಿನೊಳಗೆ ಕೂಡುತ್ತಿತ್ತು. ಇವತ್ತು ಕೈಯಲ್ಲಿರುವ ಫೋನಿನ ಎಫ್‌ಎಂ ಆ ದೂರವನ್ನು ದಾಟುವುದಿಲ್ಲ, ಆದರೆ ಸಿಕ್ಕ ಕಡೆ ಅದರ ದನಿ ತೊಳೆದ ತಟ್ಟೆಯಷ್ಟು ಸ್ವಚ್ಛ. ಈ ವ್ಯತ್ಯಾಸದ ಬೇರು ಎಲ್ಲಿದೆ ಎಂದು ಹುಡುಕಿಕೊಂಡು ಹೋದವನಿಗೆ ಸಿಕ್ಕಿದ್ದು ಕೆಲವು ಗೆರೆಗಳ ಚಿತ್ರ. ರೇಡಿಯೊ ಅಲೆಯನ್ನು ಒಡೆದು, ಅದರೊಳಗೆ ಯಾವ ಯಾವ ಕಂಪನಾಂಕ ಎಷ್ಟೆಷ್ಟಿದೆ ಎಂದು ಬಿಡಿಸಿಟ್ಟ ಚಿತ್ರ ಅದು. ವಿಜ್ಞಾನದ ಪುಸ್ತಕಗಳಲ್ಲಿ ಅದಕ್ಕೆ ರೋಹಿತ ಎನ್ನುತ್ತಾರೆ.

ಮೊದಲು ಮುಳ್ಳು ತೋರಿಸುವ ಸಂಖ್ಯೆಗಳನ್ನೇ ನೋಡಿ. ಕಲಬುರಗಿ 1107 ಕಿಲೋಹರ್ಟ್ಸ್, ಹೈದರಾಬಾದ್ 738, ಪರಭಣಿ 1305, ಧಾರವಾಡ 765, ಬೆಂಗಳೂರು 612. ಯಾವುದರ ಅಂಕಿಗಳನ್ನು ಬೇಕಾದರೂ ಕೂಡಿಸಿ: ಉತ್ತರ 9 ಅಥವಾ 18. ಇವೆಲ್ಲ ಒಂಬತ್ತರಿಂದ ಭಾಗವಾಗುವ ಸಂಖ್ಯೆಗಳು. ಜಿನೀವಾದಲ್ಲಿ 1975ರಲ್ಲಿ ಆದ ಒಪ್ಪಂದ 1978ರ ನವೆಂಬರ್ 23ರಂದು ಜಾರಿಗೆ ಬಂದಾಗ, ಅಮೆರಿಕ ಖಂಡಗಳನ್ನು ಬಿಟ್ಟು ಉಳಿದ ಜಗತ್ತು 531ರಿಂದ 1602 ಕಿಲೋಹರ್ಟ್ಸ್‌ವರೆಗಿನ ಮಧ್ಯಮ ತರಂಗವನ್ನು ಒಂಬತ್ತೊಂಬತ್ತು ಕಿಲೋಹರ್ಟ್ಸ್ ಅಗಲದ 120 ಪಟ್ಟಿಗಳಾಗಿ ಹಂಚಿಕೊಂಡಿತು. ಹೊಲಕ್ಕೆ ಬದು ಹಾಕಿದ ಹಾಗೆ. ಆ ಬದುವಿನ ಲೆಕ್ಕ ಬಂದದ್ದು ಮಧ್ಯಮ ತರಂಗದ ಕೇಂದ್ರಗಳು ಬಳಸುವ ಎಎಂ ಅಲೆಯ ಗೆರೆಗಳಿಂದ.

ಕಲಬುರಗಿ ಕೇಂದ್ರ 1966ರಲ್ಲಿ ಶುರುವಾಯಿತು. ಅದರ ಟ್ರಾನ್ಸ್‌ಮಿಟರ್ 20 ಕಿಲೋವ್ಯಾಟಿನದು. ಸ್ಟುಡಿಯೊದಲ್ಲಿ ಯಾರೂ ಮಾತಾಡದಿದ್ದಾಗ ಅದು ಬಿಡುವುದು ಒಂದೇ ಒಂದು ಶುದ್ಧ ಅಲೆ, ಸೆಕೆಂಡಿಗೆ 11 ಲಕ್ಷದ 7 ಸಾವಿರ ಸಲ ಏರಿಳಿಯುವಂಥದ್ದು. ಅದರ ರೋಹಿತದಲ್ಲಿ ಒಂದೇ ಗೆರೆ. ಇದಕ್ಕೆ ಕ್ಯಾರಿಯರ್, ಅಂದರೆ ವಾಹಕ ಎಂದು ಹೆಸರು. ಈಗ ಸ್ಟುಡಿಯೊದಲ್ಲಿ 1 ಕಿಲೋಹರ್ಟ್ಸಿನ ಒಂದು ಸ್ವರ ನುಡಿಸಿದರು ಎನ್ನಿ. ಎಎಂ ವಿಧಾನದಲ್ಲಿ ಆ ಸ್ವರಕ್ಕೆ ತಕ್ಕಂತೆ ವಾಹಕದ ಎತ್ತರ ಏರುತ್ತದೆ, ಇಳಿಯುತ್ತದೆ. ಎತ್ತರ ಮಾತ್ರ ಬದಲಾಯಿತು, ಕಂಪನಾಂಕ ಹಾಗೇ ಉಳಿಯಿತು ಎಂದು ನಮಗೆ ಅನಿಸುತ್ತದೆ. ಆದರೆ ರೋಹಿತದಲ್ಲಿ ಒಂದು ಗೆರೆ ಇದ್ದ ಕಡೆ ಮೂರು ಕಾಣುತ್ತವೆ: ನಡುವೆ 1107, ಆಚೆಗೆ 1108, ಈಚೆಗೆ 1106.

ಈ ಹೊಸ ಎರಡು ಎಲ್ಲಿಂದ ಬಂದವು? ಭಜನೆಯಲ್ಲಿ ಬಾಜಾ ಪೆಟ್ಟಿಗೆ ನುಡಿಸುವವರಿಗೆ ಇದರ ಉತ್ತರ ಕೈಯಲ್ಲೇ ಗೊತ್ತು. ಪೆಟ್ಟಿಗೆಯ ಎರಡು ಸಾಲು ರೀಡುಗಳಲ್ಲಿ ಒಂದು ಕೂದಲೆಳೆಯಷ್ಟು ಶ್ರುತಿ ತಪ್ಪಿದ್ದರೆ, ಒಂದೇ ಮನೆ ಒತ್ತಿದಾಗ ಸ್ವರ ಉಬ್ಬಿ ಇಳಿಯುತ್ತ ಅಲೆಯಲೆಯಾಗಿ ಕೇಳುತ್ತದೆ. ಹತ್ತಿರ ಹತ್ತಿರದ ಎರಡು ಸ್ವರ ಕೂಡಿದರೆ ಉಬ್ಬಿಳಿತ ಹುಟ್ಟುತ್ತದೆ. ಈ ಮಾತನ್ನು ತಿರುಗಿಸಿ ಹೇಳಿದರೂ ಅಷ್ಟೇ ನಿಜ: ಉಬ್ಬಿ ಇಳಿಯುವ ಸ್ವರ ಎಂದರೆ ಹತ್ತಿರ ಹತ್ತಿರದ ಶುದ್ಧ ಸ್ವರಗಳ ಕೂಟ. ಬೇರೆ ಯಾವ ದಾರಿಯಲ್ಲೂ ಅದು ಆಗಲಾರದು. ವಾಹಕವನ್ನು ಸೆಕೆಂಡಿಗೆ ಸಾವಿರ ಸಲ ಉಬ್ಬಿಸಿ ಇಳಿಸಿದರೆ ಸಾವಿರ ಹರ್ಟ್ಸ್ ಆಚೆ, ಸಾವಿರ ಹರ್ಟ್ಸ್ ಈಚೆ ಒಂದೊಂದು ಗೆರೆ ಬಂದೇ ಬರುತ್ತದೆ. ಮಾತಿನಲ್ಲಿ ಒಂದೇ ಸ್ವರ ಇರುವುದಿಲ್ಲ, ನೂರಾರು ಇರುತ್ತವೆ. ಹಾಗಾಗಿ ವಾಹಕದ ಎರಡೂ ಬದಿ ರೆಕ್ಕೆಗಳು ಮೂಡುತ್ತವೆ. ಇವೇ ಸೈಡ್‌ಬ್ಯಾಂಡ್‌ಗಳು. ಒಂದು ರೆಕ್ಕೆ ಇನ್ನೊಂದರ ಕನ್ನಡಿ ಬಿಂಬ. ಒಂಬತ್ತು ಕಿಲೋಹರ್ಟ್ಸಿನ ಬದುವಿನೊಳಗೆ ನಿಲ್ಲಬೇಕಾದರೆ ರೆಕ್ಕೆ ನಾಲ್ಕೂವರೆ ಕಿಲೋಹರ್ಟ್ಸಿಗಿಂತ ಅಗಲ ಚಾಚುವ ಹಾಗಿಲ್ಲ. ಮಾತಿಗೆ ಅಷ್ಟು ಸಾಕು. ತಾಳದ, ಗೆಜ್ಜೆಯ ಝಣತ್ಕಾರ ಇರುವುದು ಅದಕ್ಕಿಂತ ಮೇಲೆ, ಅದು ಹೊರಗೇ ಉಳಿಯುತ್ತದೆ. ರೇಡಿಯೊದ ಹಾಡು ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತಿದ್ದುದಕ್ಕೆ ಇದೇ ಕಾರಣ.

ಶಕ್ತಿಯ ಲೆಕ್ಕ ನೋಡಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಎಎಂನಲ್ಲಿ ಒಂದು ಸ್ವರವನ್ನು ಸಾಧ್ಯವಿದ್ದಷ್ಟೂ ಜೋರಾಗಿ ಹೇರಿದಾಗಲೂ ಒಟ್ಟು ಶಕ್ತಿಯ ಮೂರರಲ್ಲಿ ಎರಡು ಪಾಲು ನಡುವಿನ ಗೆರೆಯಲ್ಲೇ ಉಳಿಯುತ್ತದೆ, ಒಂದೊಂದು ಬದಿಗೆ ಸಿಗುವುದು ಆರರಲ್ಲಿ ಒಂದು. ನಡುವಿನ ಆ ದೊಡ್ಡ ಗೆರೆ ಸ್ಟುಡಿಯೊದ ಬಗ್ಗೆ ಏನನ್ನೂ ಹೇಳುವುದಿಲ್ಲ. ವಾರ್ತೆ ಇರಲಿ, ವಚನ ಇರಲಿ, ಮೌನ ಇರಲಿ, ಅದು ಒಂದೇ ಎತ್ತರದಲ್ಲಿ ನಿಂತಿರುತ್ತದೆ. ಹೇಳುವುದೆಲ್ಲ ಬದಿಯ ಸಣ್ಣ ಗೆರೆಗಳಲ್ಲಿ. ನಿಜಾಮರ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಕತೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಪಾಠ ಎಲ್ಲ ಒಳಗೆ ಇತ್ತು, ಆದರೆ ಫಲಕ ಇಲ್ಲದಿದ್ದರೆ ಶಾಲೆಯೇ ಉಳಿಯುತ್ತಿರಲಿಲ್ಲ. ಎಎಂನ ವಾಹಕವನ್ನು ಕಂಡಾಗ ನನಗೆ ಆ ಫಲಕ ನೆನಪಾಗುತ್ತದೆ. ಅದು ಇದ್ದುದರಿಂದಲೇ ಒಂದು ಡಯೋಡು, ಒಂದು ಸುರುಳಿ, ಒಂದು ಕೆಪಾಸಿಟರು ಇದ್ದರೂ ಸಾಕು, ಕಡು ಬಡವನ ಮನೆಯಲ್ಲೂ ರೇಡಿಯೊ ಮಾತಾಡಿತು.

ಎಫ್‌ಎಂಗೆ ಬರೋಣ. ಇಲ್ಲಿ ಎತ್ತರ ಬದಲಾಗುವುದಿಲ್ಲ, ಕಂಪನಾಂಕವೇ ಆಚೆ ಈಚೆ ಸರಿಯುತ್ತದೆ. ಹಿಂದೂಸ್ತಾನಿ ಗಾಯಕರು ಒಂದು ಸ್ವರವನ್ನು ಆಂದೋಲನದಲ್ಲಿ ತೂಗಿದ ಹಾಗೆ. ಇದನ್ನು ಕೇಳಿದ ಕೂಡಲೇ ಎಲ್ಲರಿಗೂ ಹೊಳೆಯುವ ಒಂದು ಲೆಕ್ಕವಿದೆ: ಸ್ವರ ನೂರು ಹರ್ಟ್ಸ್ ಆಚೆ, ನೂರು ಈಚೆ ತೂಗಿದರೆ ಅದಕ್ಕೆ ಬೇಕಾದ ಜಾಗ ಇನ್ನೂರು ಹರ್ಟ್ಸ್. ತೂಗಾಟವನ್ನು ಹತ್ತು ಹರ್ಟ್ಸಿಗೆ ಇಳಿಸಿದರೆ ಇಪ್ಪತ್ತು ಹರ್ಟ್ಸಿನಲ್ಲೇ ಒಂದು ಕೇಂದ್ರ ಹಿಡಿಸಬಹುದು, ಮಧ್ಯಮ ತರಂಗದಲ್ಲಿ ಸಾವಿರಾರು ಕೇಂದ್ರಗಳನ್ನು ಸಾಲಾಗಿ ಕೂರಿಸಬಹುದು. ರೇಡಿಯೊದ ಆರಂಭದ ದಿನಗಳಲ್ಲಿ ಬುದ್ಧಿವಂತ ಎಂಜಿನಿಯರುಗಳು ಇದನ್ನು ನಂಬಿದ್ದರು. ನಾನೂ ಕಾಲೇಜಿನಲ್ಲಿ ಇದನ್ನೇ ನಂಬಿದ್ದೆ.

1922ರಲ್ಲಿ ಜಾನ್ ಕಾರ್ಸನ್ ಎಂಬ ಅಮೆರಿಕದ ಗಣಿತಜ್ಞ ಎಂಜಿನಿಯರ್ ಈ ಲೆಕ್ಕ ತಪ್ಪೆಂದು ತೋರಿಸಿದರು. ತೂಗಾಟ ಎಷ್ಟೇ ಸಣ್ಣದಿರಲಿ, ಸೆಕೆಂಡಿಗೆ ಸಾವಿರ ಸಲ ತೂಗಿದರೆ ಗೆರೆಗಳು ಸಾವಿರ ಹರ್ಟ್ಸ್ ದೂರದಲ್ಲೇ ಹುಟ್ಟುತ್ತವೆ. ಎಎಂಗೆ ಬೇಕಾದ ಜಾಗಕ್ಕಿಂತ ಕಡಿಮೆಯಲ್ಲಿ ಎಫ್‌ಎಂ ಎಂದೂ ಹಿಡಿಯದು. ಕಾರಣ ಯೋಚಿಸಿದರೆ ಸರಳವಾಗಿಯೇ ಇದೆ. ಒಂದು ಸ್ವರದ ಕಂಪನಾಂಕ ಇಷ್ಟೇ ಎಂದು ಹೇಳಲು ಅದನ್ನು ಒಂದಿಷ್ಟು ಹೊತ್ತು ಕೇಳಬೇಕು. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಬದಲಾಗಿಬಿಡುವ ಸ್ವರಕ್ಕೆ "ಈ ಗಳಿಗೆಯ ಕಂಪನಾಂಕ" ಎಂಬ ಮಾತೇ ಅಷ್ಟು ಸೂಕ್ಷ್ಮವಾಗಿ ಹೊಂದುವುದಿಲ್ಲ. ಒಂದೇ ಒಂದು ಮುಳ್ಳು ಆಚೆ ಈಚೆ ಓಡುತ್ತಿದೆ ಎಂಬ ನಮ್ಮ ಮನಸ್ಸಿನ ಚಿತ್ರವೇ ಮೋಸಗೊಳಿಸುತ್ತದೆ. ರೋಹಿತದಲ್ಲಿ ಕಾಣುವುದು ಅಲುಗದೆ ನಿಂತ ಗೆರೆಗಳ ಬೇಲಿ.

ಆ ಬೇಲಿಯಲ್ಲಿ ಎಷ್ಟು ಗೆರೆ? ಇದನ್ನು ನಾನು ಒಪ್ಪಿಕೊಂಡದ್ದು ಕಣದ ಚಿತ್ರ ಕಣ್ಣಮುಂದೆ ತಂದುಕೊಂಡ ಮೇಲೆ. ಕಣದ ನಡುವೆ ಮೇಟಿ, ಮೇಟಿಗೆ ಕಟ್ಟಿದ ಹಗ್ಗ, ಹಗ್ಗದ ತುದಿಗೆ ಸುತ್ತು ಹಾಕುವ ಎತ್ತು. ಎತ್ತಿನ ಒಂದು ಸುತ್ತೇ ವಾಹಕದ ಒಂದು ಕಂಪನ ಎಂದುಕೊಳ್ಳಿ. ಎಎಂ ಎಂದರೆ ಎತ್ತಿನ ನಡೆ ಬದಲಾಗುವುದಿಲ್ಲ, ಹಗ್ಗ ಮಾತ್ರ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಬದಿಯ ಎರಡು ಗೆರೆಗಳು ಸೇರಿ ಹಗ್ಗದ ನೇರಕ್ಕೇ ಎಳೆಯುತ್ತವೆ, ದೂಡುತ್ತವೆ. ಅಲ್ಲಿಗೆ ಕೆಲಸ ಮುಗಿಯಿತು, ಎರಡೇ ಗೆರೆ ಸಾಕು. ಎಫ್‌ಎಂ ಎಂದರೆ ಹಗ್ಗದ ಉದ್ದ ಒಂದಿಷ್ಟೂ ಬದಲಾಗಬಾರದು, ಎತ್ತು ಒಮ್ಮೆ ಅವಸರ ಮಾಡಿ ಮುಂದೆ ಹೋಗಬೇಕು, ಒಮ್ಮೆ ಹಿಂದೆ ಬೀಳಬೇಕು. ಇಲ್ಲಿ ಬದಿಯ ಎರಡು ಗೆರೆಗಳು ಹಗ್ಗಕ್ಕೆ ಅಡ್ಡಲಾಗಿ ದೂಡುತ್ತವೆ. ಸಣ್ಣಗೆ ದೂಡಿದರೆ ಎತ್ತು ಸುತ್ತಿನ ಮೇಲೇ ಇರುತ್ತದೆ. ಜೋರಾಗಿ ದೂಡಿದರೆ ಅದು ನೆಟ್ಟಗೆ ನಡೆದು ಸುತ್ತಿನಿಂದ ಹೊರಬೀಳುತ್ತದೆ, ಹಗ್ಗ ಉದ್ದವಾಗಿಬಿಡುತ್ತದೆ. ಅದನ್ನು ಒಳಗೆಳೆಯಲು ಇನ್ನೊಂದು ಜೋಡಿ ಬೇಕು, 2 ಕಿಲೋಹರ್ಟ್ಸ್ ಆಚೆ ಈಚೆ. ಆ ಜೋಡಿಯ ತಪ್ಪನ್ನು ತಿದ್ದಲು ಮೂರನೆಯದು, ಅದನ್ನು ತಿದ್ದಲು ನಾಲ್ಕನೆಯದು. ಹಗ್ಗದ ಉದ್ದ ಕಾಯುವ ಒಂದೇ ಒಂದು ನಿಯಮಕ್ಕಾಗಿ ಗೆರೆಗಳ ಸಾಲು ಕೊನೆಯಿಲ್ಲದೆ ಸಾಗುತ್ತದೆ. ದೂರ ಹೋದಂತೆ ಅವು ಬೇಗ ಬೇಗ ಕ್ಷೀಣಿಸುತ್ತವೆ ಎಂಬುದಷ್ಟೇ ಸಮಾಧಾನ. ಯಾವ ಗೆರೆ ಎಷ್ಟೆತ್ತರ ಎಂದು ಹೇಳುವ ಸೂತ್ರಗಳನ್ನು ಜರ್ಮನಿಯ ಖಗೋಳಜ್ಞ ಬೆಸೆಲ್ ರೇಡಿಯೊ ಹುಟ್ಟುವ ಎಷ್ಟೋ ದಶಕಗಳ ಮೊದಲೇ, ಗ್ರಹಗಳ ಚಲನೆಯ ಲೆಕ್ಕಕ್ಕಾಗಿ ಬಿಡಿಸಿಟ್ಟಿದ್ದರು.

ತೂಗಾಟ ಸಣ್ಣದಿದ್ದಾಗ ಎಫ್‌ಎಂನಲ್ಲೂ ಎದ್ದು ಕಾಣುವುದು ಮೂರೇ ಗೆರೆ. ಆಗ ಅದರ ರೋಹಿತದ ಚಿತ್ರವನ್ನೂ ಎಎಂ ಚಿತ್ರವನ್ನೂ ಪಕ್ಕಪಕ್ಕ ಇಟ್ಟರೆ ಯಾರೂ ಗುರುತಿಸಲಾರರು. ವ್ಯತ್ಯಾಸ ಇರುವುದು ಗೆರೆಯ ಎತ್ತರದಲ್ಲಲ್ಲ, ದೂಡುವ ದಿಕ್ಕಿನಲ್ಲಿ. ಒಂದು ಹಗ್ಗದ ನೇರಕ್ಕೆ, ಇನ್ನೊಂದು ಕಾಲು ಸುತ್ತಿನಷ್ಟು ಹೊರಳಿ ಅಡ್ಡಕ್ಕೆ. ಅಮೆರಿಕದ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಹಿಡಿದದ್ದು ಈ ಎಳೆಯನ್ನೇ. ಎಎಂನ ಬದಿಗೆರೆಗಳನ್ನು ತೆಗೆದುಕೊಂಡು, ಕಾಲು ಸುತ್ತು ಹೊರಳಿಸಿ, ವಾಹಕಕ್ಕೆ ಮತ್ತೆ ಕೂಡಿಸಿ ಸಣ್ಣ ತೂಗಾಟದ ಎಫ್‌ಎಂ ಮಾಡಿದರು. ಆಮೇಲೆ ಕಂಪನಾಂಕವನ್ನು ಮತ್ತೆ ಮತ್ತೆ ಗುಣಿಸುತ್ತ ತೂಗಾಟವನ್ನು ಅಗಲವಾಗಿಸಿದರು. ಜಾಗ ಉಳಿಸಲೆಂದು ಎಲ್ಲರೂ ಎಫ್‌ಎಂ ಹುಡುಕಿದ್ದರೆ, ಆರ್ಮ್‌ಸ್ಟ್ರಾಂಗ್ ಜಾಗವನ್ನು ಧಾರಾಳವಾಗಿ ಸುರಿದು ಸದ್ದಿಲ್ಲದ ದನಿಯನ್ನು ಕೊಂಡರು. ನ್ಯೂಯಾರ್ಕಿನಲ್ಲಿ ರೇಡಿಯೊ ಎಂಜಿನಿಯರುಗಳ ಮುಂದೆ ಅದನ್ನು ಕೇಳಿಸಿದ್ದು 1935ರ ನವೆಂಬರ್‌ನಲ್ಲಿ. ಅದೇ ವರ್ಷ ಬೀದರ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಡೆಕ್ಕನ್ ರೇಡಿಯೊ ನಿಜಾಮ್ ಸರ್ಕಾರದ ಕೈಗೆ ಬಂತು, ಅದೇ ವರ್ಷ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ 'ಆಕಾಶವಾಣಿ' ಶುರುಮಾಡಿದರು. ನಮ್ಮಲ್ಲಿ ಎಎಂ ಕಣ್ಣು ಬಿಡುವ ಹೊತ್ತಿಗೆ ಅಲ್ಲಿ ಎಫ್‌ಎಂ ಹುಟ್ಟಿತ್ತು. ಭಾರತದ ಮೊದಲ ಎಫ್‌ಎಂ ಪ್ರಸಾರಕ್ಕೆ ಮದ್ರಾಸಿನಲ್ಲಿ 1977ರ ಜುಲೈ 23ರವರೆಗೆ ಕಾಯಬೇಕಾಯಿತು.

ಈಗಿನ ಎಫ್‌ಎಂ ಕೇಂದ್ರದ ತೂಗಾಟ ಹೆಚ್ಚೆಂದರೆ 75 ಕಿಲೋಹರ್ಟ್ಸ್ ಆಚೆ, 75 ಈಚೆ. ಸ್ಟುಡಿಯೊದ ಸ್ವರ ಹೆಚ್ಚೆಂದರೆ 15 ಕಿಲೋಹರ್ಟ್ಸ್. ಕಾರ್ಸನ್ ಹೆಸರಿನಲ್ಲೇ ಒಂದು ಅಂದಾಜಿನ ಸೂತ್ರವಿದೆ: ಎರಡನ್ನೂ ಕೂಡಿಸಿ ಇಮ್ಮಡಿ ಮಾಡಿ. 180 ಕಿಲೋಹರ್ಟ್ಸ್ ಬರುತ್ತದೆ. ಕಲಬುರಗಿಯ ಒಂಬತ್ತರ ಮುಂದೆ ಇದು ಇಪ್ಪತ್ತು ಪಟ್ಟು. ಮಧ್ಯಮ ತರಂಗದ ಇಡೀ ಹೊಲವನ್ನು ಎಫ್‌ಎಂಗೆ ಬಿಟ್ಟುಕೊಟ್ಟರೆ ಐದಾರು ಕೇಂದ್ರಕ್ಕೆ ತುಂಬಿಹೋಗುತ್ತದೆ. ಅದಕ್ಕೇ ಎಫ್‌ಎಂ 88ರಿಂದ 108 ಮೆಗಾಹರ್ಟ್ಸಿನ ದೊಡ್ಡ ಬಯಲಿಗೆ ಹೋಗಿ ನೆಲೆಸಿತು. ಅಲ್ಲೂ ನಮ್ಮ ದೇಶದಲ್ಲಿ ಒಂದೇ ಊರಿನ ಕೇಂದ್ರಗಳ ನಡುವೆ 800 ಕಿಲೋಹರ್ಟ್ಸ್ ಅಂತರ ಬಿಟ್ಟರು. ಬೆಂಗಳೂರಿನ ಮುಳ್ಳು 91.1, 91.9, 92.7, 93.5, 94.3 ಎಂದು ಹಾರುತ್ತ ಹೋಗುವುದು ಅದಕ್ಕೇ.

ಇಷ್ಟು ಜಾಗ ಕೊಟ್ಟು ಪಡೆದದ್ದೇನು? 15 ಕಿಲೋಹರ್ಟ್ಸಿನ ಸ್ವರವನ್ನು ಪೂರ್ಣ ತೂಗಾಟದಲ್ಲಿ ಕಳಿಸಿದಾಗ ನಡುವಿನ ವಾಹಕದಲ್ಲಿ ಉಳಿಯುವುದು ಶಕ್ತಿಯ ನೂರರಲ್ಲಿ ಮೂರು ಪಾಲು ಮಾತ್ರ. ಅರ್ಧಕ್ಕಿಂತ ಹೆಚ್ಚು 45 ಮತ್ತು 60 ಕಿಲೋಹರ್ಟ್ಸ್ ದೂರದ ಗೆರೆಗಳಿಗೆ ಹೋಗಿರುತ್ತದೆ. ಫಲಕಕ್ಕೆ ಸಂದಾಯವಾಗುತ್ತಿದ್ದುದೆಲ್ಲ ಪಾಠಕ್ಕೇ ಹೋದಂತೆ. ಇನ್ನು ಸಿಡಿಲು, ಮೋಟಾರಿನ ಕಿಡಿ ಅಲೆಗೆ ಮಾಡುವ ಗಾಯ ಮುಖ್ಯವಾಗಿ ಎತ್ತರದಲ್ಲಿ ಕಾಣುತ್ತದೆ, ಎಫ್‌ಎಂ ರೇಡಿಯೊ ಆ ಏರುಪೇರನ್ನು ಕತ್ತರಿಸಿ ಎಸೆಯುತ್ತದೆ. ಗದ್ದಲವು ಎತ್ತಿನ ನಡೆಯನ್ನೂ ಸ್ವಲ್ಪ ತಪ್ಪಿಸುತ್ತದೆ ನಿಜ, ಆದರೆ ತೂಗಾಟವೇ ಅಷ್ಟು ದೊಡ್ಡದಿರುವಾಗ ಆ ಸಣ್ಣ ತಪ್ಪು ಕಿವಿಗೆ ತಾಕುವುದಿಲ್ಲ. ಅಷ್ಟೇ ಶಕ್ತಿಯ ವಾಹಕದ ಎಎಂಗೆ ಹೋಲಿಸಿದರೆ ಈ ಲಾಭ 75 ಪಟ್ಟು ಎಂದು ಲೆಕ್ಕ ಹೇಳುತ್ತದೆ.

ಭಾಲ್ಕಿಯ ಕಡೆ ಮಾಳಿಗೆಯ ಮೇಲೆ ಟಿವಿ ಆಂಟೆನಾ ನಿಲ್ಲಿಸಿದ್ದ ಕಾಲದಲ್ಲಿ ಇದನ್ನು ಎಲ್ಲರೂ ಕಣ್ಣಾರೆ ಕಂಡಿದ್ದಾರೆ. ಮನೆಮುಂದೆ ಮೋಟಾರ್ ಸೈಕಲ್ ಹಾದುಹೋದರೆ ದೂರದರ್ಶನದ ಚಿತ್ರದ ಮೇಲೆ ಚುಕ್ಕೆಗಳ ಮಳೆ, ದನಿ ಮಾತ್ರ ಸ್ವಚ್ಛ. ಆ ಟಿವಿಯಲ್ಲಿ ಚಿತ್ರ ಬರುತ್ತಿದ್ದುದು ಎಎಂನಲ್ಲಿ, ದನಿ ಎಫ್‌ಎಂನಲ್ಲಿ.

ಹಾಗಂತ ಎಫ್‌ಎಂ ಎಲ್ಲ ಕಡೆಗೂ ಒಳ್ಳೆಯದೆಂದು ನಾನು ಒಪ್ಪುವುದಿಲ್ಲ. ಬೀದರಿನ ವಾಯುಪಡೆ ನೆಲೆ ಸೂರ್ಯಕಿರಣ ತಂಡದ ಮನೆ. 2020ರ ಫೆಬ್ರುವರಿಯಿಂದ ಅಲ್ಲಿ ಪ್ರಯಾಣಿಕರ ವಿಮಾನವೂ ಇಳಿಯತೊಡಗಿತು. ಅಂಥ ವಿಮಾನದ ಪೈಲಟ್ ನೆಲದ ಜೊತೆ ಮಾತಾಡುವುದು 118ರಿಂದ 137 ಮೆಗಾಹರ್ಟ್ಸಿನೊಳಗೆ, ಎಫ್‌ಎಂ ಬಯಲಿಗಿಂತ ತುಸು ಮೇಲೆ. ಆದರೂ ಅಲ್ಲಿ ಇಂದಿಗೂ ಎಎಂ. ಎಫ್‌ಎಂಗೆ ಒಂದು ಗುಣವಿದೆ: ಒಂದೇ ಕಂಪನಾಂಕದಲ್ಲಿ ಇಬ್ಬರು ಮಾತಾಡಿದರೆ ಬಲವುಳ್ಳವನದು ಮಾತ್ರ ಕೇಳುತ್ತದೆ, ಇನ್ನೊಬ್ಬ ಇದ್ದಾನೆಂದೂ ಗೊತ್ತಾಗುವುದಿಲ್ಲ. ಎಎಂನಲ್ಲಿ ಎರಡೂ ಅಲೆ ಕೂಡಿ ಸಿಳ್ಳೆ ಹುಟ್ಟುತ್ತದೆ, ಕಾಕಾನ ರೇಡಿಯೊದಲ್ಲಿ ಕೇಳಿದ ಆ ಸಿಳ್ಳೆಯೇ. ಇನ್ನೊಬ್ಬರು ಕರೆಯುತ್ತಿದ್ದಾರೆ ಎಂದು ಅದರಿಂದ ತಿಳಿಯುತ್ತದೆ. ಆಕಾಶದಲ್ಲಿ ಕ್ಷೀಣ ದನಿಯವನ ಕೂಗೂ ಕೇಳಬೇಕು.

ದೂರದ ಮಾತೂ ಹಾಗೇ. 1107ರ ಅಲೆ ಸುಮಾರು 271 ಮೀಟರ್ ಉದ್ದದ್ದು. ಹಗಲಲ್ಲಿ ಅದು ನೆಲಕ್ಕೆ ಅಂಟಿ, ಮಾಂಜ್ರಾ ಹೊಳೆಯ ತಗ್ಗು ದಾಟಿ, ತೊಗರಿ ಹೊಲಗಳ ಮೇಲೆ ಹಾದು ಬರುತ್ತದೆ; ರಾತ್ರಿ ಮೇಲಿನ ಅಯಾನುಗೋಲಕ್ಕೆ ತಾಗಿ ಇನ್ನೂ ದೂರ ಹೋಗುತ್ತದೆ. ಎಫ್‌ಎಂನ ಅಲೆ ಮೂರು ಮೀಟರಿನದು, ಹೆಚ್ಚುಕಡಿಮೆ ಕಣ್ಣೋಟದಷ್ಟೇ ಅದರ ಹಾದಿ. ನೂರು ಮೀಟರ್ ಎತ್ತರದ ಗೋಪುರಕ್ಕೆ ಸಪಾಟು ನೆಲದ ಮೇಲೆ ಸಿಗುವ ದಿಗಂತ ಸುಮಾರು 41 ಕಿಲೋಮೀಟರ್. ಬೀದರಿನಿಂದ ಭಾಲ್ಕಿಗೂ ಔರಾದಿಗೂ ನೇರ ಗೆರೆಯಲ್ಲಿ 35ರಿಂದ 40 ಕಿಲೋಮೀಟರ್. ಅಂದರೆ ಈ ಎರಡೂ ಊರುಗಳು ಆ ದಿಗಂತದ ಅಂಚಿನಲ್ಲೇ ಕೂತಿವೆ. ಅಂಚಿನಲ್ಲಿ ಎಎಂ ನಿಧಾನವಾಗಿ ಕ್ಷೀಣಿಸುತ್ತದೆ, ಕರಕರ ನಡುವೆಯೂ ಮಾತು ತಿಳಿಯುತ್ತದೆ. ಎಫ್‌ಎಂ ಹಾಗಲ್ಲ. ಬಲ ಒಂದು ಮಟ್ಟಕ್ಕಿಂತ ಕೆಳಗೆ ಬಿದ್ದ ಕೂಡಲೇ ದನಿ ಕುಸಿದು ಬರೀ ಹುಸ್ಸೆಂಬ ಸದ್ದು ಉಳಿಯುತ್ತದೆ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ನಗರಗಳಿಗೆ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿದಾಗ ಆ ಪಟ್ಟಿಯಲ್ಲಿ ಬೀದರವೂ ಇತ್ತು. ಸಂತೋಷದ ಸುದ್ದಿ. ಅದೇ ಹೊತ್ತಿನಲ್ಲಿ ದೇಶದ ಹಲವು ಮಧ್ಯಮ ತರಂಗ ಟ್ರಾನ್ಸ್‌ಮಿಟರುಗಳು ಒಂದೊಂದಾಗಿ ನಿಂತಿವೆ, ಎಫ್‌ಎಂ ಬಂತಲ್ಲ ಎಂಬ ಸಮಾಧಾನದಲ್ಲಿ. ಒಂದು ಇನ್ನೊಂದರ ಹೊಸ ರೂಪ ಎಂದು ತಿಳಿದಾಗ ಮಾತ್ರ ಆ ಸಮಾಧಾನ ಆಗುತ್ತದೆ. ಗಡಿಯ ತಾಂಡಾದಲ್ಲಿ ಕೂತವನಿಗೆ ಅವು ಎರಡು ಬೇರೆ ಸೌಲಭ್ಯ. ಒಂದು ಹಾಡಿಗೆ, ಒಂದು ದೂರಕ್ಕೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿಗೆ ಚುಚ್ಚುವ ಬೆರಳುದ್ದದ ರೇಡಿಯೊ ಡಾಂಗಲ್ ಒಂದನ್ನು ಒಯ್ದಿದ್ದೆ. ಗಾಳಿಯಲ್ಲಿರುವ ಗೆರೆಗಳನ್ನು ಅದು ಪರದೆಯ ಮೇಲೆ ಬಿಡಿಸುತ್ತದೆ. ಕಾರಿನಲ್ಲಿ ಫೋನಿನ ಹಾಡು ಕೇಳಲು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುತ್ತಾರಲ್ಲ, ಆ ಪುಟ್ಟ ಎಫ್‌ಎಂ ಯಂತ್ರಕ್ಕೆ ಫೋನಿನಿಂದ 1 ಕಿಲೋಹರ್ಟ್ಸಿನ ಸ್ವರ ಕೊಟ್ಟೆ. ಕಾಕಾನಿಗೆ ಈಗ ಎಂಬತ್ತರ ಮೇಲೆ ವಯಸ್ಸು. ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಮೊದಲು ಸ್ವರವಿಲ್ಲದೆ ತೋರಿಸಿದೆ: ನಡುವೆ ನೆಟ್ಟಗೆ ಒಂದು ಗೆರೆ. ಸ್ವರ ಕೊಟ್ಟು ಫೋನಿನ ವಾಲ್ಯೂಮ್ ಒಂದೊಂದೇ ಮೆಟ್ಟಿಲು ಏರಿಸಿದೆ. ಬದಿಯಲ್ಲಿ ಒಂದು ಜೋಡಿ ಮೂಡಿತು, ಆಮೇಲೆ ಎರಡನೆಯದು, ಮೂರನೆಯದು. ಅವು ಏರಿದಂತೆ ನಡುವಿನ ಗೆರೆ ತಗ್ಗುತ್ತ ಬಂತು. ತೂಗಾಟ ಸ್ವರದ ಕಂಪನಾಂಕದ 2.4 ಪಟ್ಟಿನ ಹತ್ತಿರ ಬಂದಾಗ ವಾಹಕ ಪೂರ್ತಿ ಕಾಣೆಯಾಗಬೇಕೆಂದು ಬೆಸೆಲ್ ಲೆಕ್ಕ ಹೇಳುತ್ತದೆ. ಇನ್ನೊಂದು ಮೆಟ್ಟಿಲು ಏರಿಸಿದೆ. ನಡುವಿನ ಜಾಗ ಖಾಲಿಯಾಯಿತು.

"ಗೆರಿ ಎಲ್ಲಿಗ್ ಹೋಯ್ತೋ ತಮ್ಮಾ?" ಎಂದರು ಕಾಕಾ. ಪಕ್ಕದಲ್ಲಿದ್ದ ಎಫ್‌ಎಂ ರೇಡಿಯೊವನ್ನು ಎತ್ತಿ ಕಿವಿಗೆ ಹಿಡಿದರು. ಅದು ಅದೇ ಸ್ವರವನ್ನು ತಡೆಯಿಲ್ಲದೆ ನುಡಿಯುತ್ತಿತ್ತು. "ಇಲ್ಲಿ ಆವಾಜ್ ಬರ್ಲತ್ತದ" ಎಂದು ಮತ್ತೆ ಪರದೆಯ ಕಡೆ ಬಗ್ಗಿ, ಗೆರೆ ಇದ್ದ ಜಾಗವನ್ನು ಬೆರಳಿಂದ ಮುಟ್ಟಿ ನೋಡಿದರು.